ಮುಂದಿನ ಸೀಟಿನ ಐದು ವರ್ಷ

ಸಾವುಕಾರ್ ಶಿವಯ್ಯನವರು ಆ ಕಾಗದವನ್ನು ಮಳವಳ್ಳಿಯ ನಮ್ಮ ಬಸ್ ಶೆಡ್ಡಿನ ಬಾಗಿಲಿಗೆ ಅಂಟಿಸಿದ ದಿವಸ ನಾನು ಬೆಳಗಿನ ಮುದ್ದೆಯನ್ನೂ ಮುಟ್ಟಲಿಲ್ಲ. ಸಿಟ್ಟು ಬಂದರೆ ನನಗೆ ಹಸಿವು ಹತ್ತಿರ ಸುಳಿಯುವುದಿಲ್ಲ. ಅಕ್ಷರವೋ ನನಗೆ ಅಷ್ಟಕ್ಕಷ್ಟೆ, ಹೆಸರು ಗೀಚುವುದು ಬಿಟ್ಟರೆ ಬೇರೇನೂ ಬರದು. ಕಂಡಕ್ಟರ್ ಚಿಕ್ಕಬೋರಯ್ಯನೇ ಗಟ್ಟಿಯಾಗಿ ಓದಿದ. ಯುದ್ಧದಿಂದಾಗಿ ಡ್ರೈವರುಗಳು ಸಿಗುತ್ತಿಲ್ಲವಾದ್ದರಿಂದ, ಇನ್ನು ಮುಂದೆ ಸರ್ವಿಸ್ಸಿನ ಬಸ್ಸುಗಳಲ್ಲಿ ಆರು ತಿಂಗಳು ಕೆಲಸ ಮಾಡಿದ ಯಾರೇ ಆಗಲಿ, ಹೆಡ್ ಡ್ರೈವರು ಒಪ್ಪಿ ಚೀಟಿ ಕೊಟ್ಟರೆ ಮಂಡ್ಯಕ್ಕೆ ಡ್ರೈವರ್ ಪರೀಕ್ಷೆಗೆ ಕಳಿಸಲಾಗುವುದು.

"ಇನ್ನೊಂದ್ಸಲ ಓದ್ಲಾ," ಅಂದೆ. ಓದಿದ. ಆರು ತಿಂಗಳು ಆರು ತಿಂಗಳೇ ಆಗಿ ಉಳಿಯಿತು.

ನಮ್ಮ ಸಂಗಮೇಶ್ವರ ಮೋಟಾರ್ ಸರ್ವಿಸ್ಸಿನಲ್ಲಿ ಅಲ್ಲಿಯವರೆಗೆ ಇದ್ದ ಕಾಯಿದೆ ಐದು ವರ್ಷ. ಐದು ವರ್ಷ ಕ್ಲೀನರಾಗಿ ಡ್ರೈವರಿನ ಮಗ್ಗುಲ ಸೀಟಿನಲ್ಲಿ ಕೂತು, ಹ್ಯಾಂಡಲ್ ಹೊಡೆದು, ಬೈಸಿಕೊಂಡು, ಐದು ಮಳೆಗಾಲದ ಕೆಸರು ಕಂಡ ಮೇಲೇ ಸ್ಟೇರಿಂಗು. ಆ ಕಾಯಿದೆ ಮಾಡಿಸಿದವನು ನಾನೇ, ಹೆಡ್ ಡ್ರೈವರ್ ದೊಡ್ಡಬೀರಯ್ಯ. ಸುಮ್ಮನೆ ದೊಡ್ಡಸ್ತಿಕೆಗೆ ಮಾಡಿಸಿದ್ದಲ್ಲ. ಹನ್ನೆರಡು ವರ್ಷದ ಹಿಂದೆ ಮುದ್ದಯ್ಯ ಎಂಬ ಎಂಟು ತಿಂಗಳ ಡ್ರೈವರು ನಮ್ಮದೇ ಒಂದು ಬಸ್ಸನ್ನು ಕೆರೆ ಏರಿಯ ಮೇಲಿಂದ ಕೆಳಕ್ಕೆ ಇಳಿಸಿದ. ಅವನೂ ಹೋದ, ಜೊತೆಗೆ ಇಬ್ಬರು ಪ್ರಯಾಣಿಕರೂ ಹೋದರು. ನೀರಿನಿಂದ ಆ ಮೂರು ಹೆಣಗಳನ್ನು ಎತ್ತಿದ ಕೈ ಇದು. ಅವತ್ತು ಸಾವುಕಾರ್ರ ಎದುರು ನಿಂತು, ಐದು ವರ್ಷ ಅಂತ ಗೆರೆ ಎಳೆಯದಿದ್ದರೆ ನಾನು ನಾಳೆಯಿಂದ ಬರುವುದಿಲ್ಲ ಅಂತ ಹೇಳಿದ್ದೆ.

ಈಗ ಸಾವುಕಾರ್ರ ಕಷ್ಟವೂ ನಿಜವೇ ಅನ್ನಿ. ಸಾವಿರದ ಒಂಬೈನೂರ ನಲವತ್ತನಾಲ್ಕನೆಯ ಇಸವಿ. ಮಿಲಿಟರಿ ಲಾರಿ ಓಡಿಸಲು ನಾಲ್ವರು ಡ್ರೈವರುಗಳು ಒಬ್ಬರ ಹಿಂದೆ ಒಬ್ಬರು ಹೋಗಿದ್ದರು. ಏಳು ಬಸ್ಸಿಗೆ ಉಳಿದವರು ಮೂರೇ ಜನ. ನಾನು ಬೆಳಕವಾಡಿಯಿಂದ ಮಳವಳ್ಳಿಗೆ, ಅಲ್ಲಿಂದ ಮದ್ದೂರಿಗೆ, ಮತ್ತೆ ವಾಪಸು, ದಿನಕ್ಕೆ ಎರಡು ಸಲ. ಬೆನ್ನು ಹಲಗೆಯಾಗಿತ್ತು. ಆದರೂ ಆರು ತಿಂಗಳು ಅಂದರೇನು? ಆರು ತಿಂಗಳಿಗೆ ಮಗು ಸರಿಯಾಗಿ ಕೂರುವುದನ್ನೂ ಕಲಿತಿರುವುದಿಲ್ಲ.

"ಸಾವ್ಕಾರ್ರೆ, ಇದು ತಪ್ಪು," ಅಂದೆ ನೇರವಾಗಿ.

"ಅದಕ್ಕೇ ಚೀಟಿ ನಿನ್ ಕೈಲಿ ಇಟ್ಟಿವ್ನಿ," ಅಂದರು ಅವರು. "ಯಾರು ಬೇಕು ಯಾರು ಬ್ಯಾಡ ನೀನೇ ನೋಡ್ಕೊ. ಪರೀಕ್ಷೆ ಮುಂದಿನ ಸೋಮವಾರ."

ಅಂದರೆ ಬೇಲಿ ಕಿತ್ತದ್ದು ಅವರು, ಕಾವಲು ಮಾತ್ರ ನನ್ನದು.

ಆಗಿನ ನಮ್ಮ ಬಸ್ಸುಗಳ ವಿಷಯ ಒಂದು ಮಾತು ಹೇಳಲೇಬೇಕು. ಪೆಟ್ರೋಲ್ ಕಂಟ್ರೋಲ್ ಆಗಿ ಮೂರು ವರ್ಷವಾಗಿತ್ತು. ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ಒಂದು ಕಬ್ಬಿಣದ ಪೀಪಾಯಿ ಕಟ್ಟಿ, ಅದರೊಳಗೆ ಇದ್ದಿಲು ಉರಿಸಿ, ಆ ಹೊಗೆಯ ಗ್ಯಾಸಿನಿಂದ ಎಂಜಿನ್ ಓಡಿಸುತ್ತಿದ್ದೆವು. ಬೆಂಕಿ ಚೆನ್ನಾಗಿದ್ದರೆ ಬಸ್ಸು ಓಡುತ್ತದೆ, ಬೆಂಕಿ ಮುನಿಸಿಕೊಂಡರೆ ಬಸ್ಸೂ ಮುನಿಸಿಕೊಳ್ಳುತ್ತದೆ. ತೀರಾ ಕಷ್ಟದ ಏರಿಗೆ ಅಂತ ಒಂದು ಡಬ್ಬದಲ್ಲಿ ಒಂದಿಷ್ಟು ಪೆಟ್ರೋಲ್ ಇರುತ್ತಿತ್ತು, ಸೀಟಿನ ಪಕ್ಕದ ಬಿರಡೆ ತಿರುಗಿಸಿದರೆ ಅದು ಎಂಜಿನ್ನಿಗೆ ಇಳಿಯುತ್ತಿತ್ತು. ಪೀಪಾಯಿಯ ಪಕ್ಕಕ್ಕೆ ಒಂದು ಏಣಿ. ಆ ಏಣಿಯ ಮೇಲೆ ದಿನವೆಲ್ಲ ನಿಂತು, ಇದ್ದಿಲು ಸುರಿದು, ಸಲಾಕೆಯಿಂದ ಕೆದಕುವ ಆಳು ಮಹದೇವಯ್ಯ. ಇಪ್ಪತ್ತಾರು ಇಪ್ಪತ್ತೇಳು ವಯಸ್ಸು. ಊರಾಚೆಯ ಕೇರಿಯವನು.

ಅವನು ಸರ್ವಿಸ್ಸಿಗೆ ಸೇರಿ ಆರು ವರ್ಷವಾಗಿತ್ತು. ಮೊದಲ ಮೂರು ವರ್ಷ ಬಸ್ಸು ತೊಳೆಯುವುದು, ಟಾಪಿನ ಮೇಲೆ ಮೂಟೆ ಏರಿಸುವುದು. ಆಮೇಲೆ ಇದ್ದಿಲು. ಶೆಡ್ಡಿನಲ್ಲಿ ಬಸ್ಸನ್ನು ಹಿಂದೆಮುಂದೆ ಮಾಡಿ ಸಾಲಾಗಿ ನಿಲ್ಲಿಸುವವನೂ ಅವನೇ, ತೊಳೆಯಲು ಕೆರೆಯ ಹತ್ತಿರಕ್ಕೆ ಓಡಿಸಿಕೊಂಡು ಹೋಗುವವನೂ ಅವನೇ. ಇದೆಲ್ಲ ಕಣ್ಣೆದುರೇ ನಡೆಯುತ್ತಿತ್ತು. ಅದನ್ನು ಯಾರೂ ಡ್ರೈವಿಂಗ್ ಅನ್ನುತ್ತಿರಲಿಲ್ಲ, ತೊಳೆಯುವ ಕೆಲಸ ಅನ್ನುತ್ತಿದ್ದೆವು.

ಕಾಗದ ಅಂಟಿಸಿದ ಮಾರನೆಯ ದಿನ, ಭಾನುವಾರ, ಅವನು ಶೆಡ್ಡಿಗೆ ಬಂದು ಮಾರು ದೂರದಲ್ಲಿ ನಿಂತ.

"ಬುದ್ಧಿ, ನಂಗೂ ಒಂದು ಚೀಟಿ ಕೊಡ್ಬೇಕು."

"ನಿಂಗಾ?" ಅಂದೆ. ನನಗೆ ನಗು ಬಂತೋ ಸಿಟ್ಟು ಬಂತೋ ಈಗ ನೆನಪಿಲ್ಲ. "ನೀನು ಯಾವತ್ಲಾ ಮುಂದಿನ ಸೀಟಲ್ಲಿ ಕುಂತಿದ್ದೆ?"

"ಕುಂತಿಲ್ಲ ಬುದ್ಧಿ. ಕುಂತ್ಕೊ ಅಂತ ಯಾರೂ ಅನ್ಲಿಲ್ಲ. ಆದ್ರೆ ಕಾಗ್ದದಲ್ಲಿ ಮುಂದಿನ ಸೀಟು ಅಂತ ಇಲ್ಲ. ಬಸ್ಸಲ್ಲಿ ಆರು ತಿಂಗ್ಳು ಅಂತ ಅದೆ. ನಾನೇ ಓದ್ದೆ."

ಅವನಿಗೆ ಓದಲು ಬರುತ್ತದೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಅದು ಇನ್ನಷ್ಟು ಕೆರಳಿಸಿತು.

"ಏಣಿ ಮೇಲೆ ನಿಂತ್ಕಂಡ್ರೆ ಅದು ಬಸ್ಸಲ್ಲಿ ಇದ್ದಂಗಲ್ಲ ಕಣ್ಲಾ. ಬಸ್ಸಿಗೆ ನೇತಾಕ್ಕಂಡಂಗೆ!"

ಶೆಡ್ಡಿನಲ್ಲಿದ್ದವರೆಲ್ಲ ಘೊಳ್ಳೆಂದು ನಕ್ಕರು. ನಾನೂ ನಕ್ಕೆ. ಅವನು ನಗಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

"ಮದ್ದೂರಲ್ಲಿ ಮಿಲ್ಟ್ರಿಯವ್ರು ಬಂದು ಕುಂತವ್ರೆ. ಗುರುವಾರದ ರೈಲಿಗೆ ಆಳು ಕರ್ಕಂಡು ಓಯ್ತರೆ. ಲಾರಿ ಓಡ್ಸೋದು ಅವ್ರೇ ಕಲಿಸ್ತರಂತೆ. ಮನೇಲಿ ಅವ್ವ ಒಬ್ಳೆ ಅವ್ಳೆ, ಅದಕ್ಕೇ ಇಲ್ಲೇ ಚೀಟಿ ಸಿಕ್ರೆ ಇದ್ದುಬುಡನ ಅಂತಿದ್ದೆ."

"ಓಗು. ಯಾರು ಇಡ್ಕಂಡವ್ರೆ ನಿನ್ನ?" ಅಂದೆ.

ಅವನು ಸಲಾಕೆಯನ್ನು ಗೋಡೆಗೆ ಒರಗಿಸಿ ಹೊರಟ. ಕಾಯಿದೆ ಉಳಿಸಿದೆ ಎಂಬ ಹೆಮ್ಮೆ ನನಗೆ. ಮನೆಗೆ ಹೋಗಿ ಎರಡು ದಿನದ ಹಸಿವು ಸೇರಿಸಿ ಉಂಡೆ.

ಉಂಡು ಕೈ ತೊಳೆಯುವಷ್ಟರಲ್ಲಿ ತಂಗಿ ಬೆಟ್ಟಮ್ಮ ಬಂದಳು. ಅವಳ ಮಗ ಶಿವಣ್ಣ ನನ್ನ ಬಸ್ಸಿನ ಕ್ಲೀನರು. ಸೇರಿ ಏಳನೆಯ ತಿಂಗಳು ನಡೆಯುತ್ತಿತ್ತು. ಒಳ್ಳೆಯ ಹುಡುಗ, ಕಣ್ಣು ಚುರುಕು, ಬಾಯಿ ಕಮ್ಮಿ. ಆದರೆ ಏಳು ತಿಂಗಳು ಏಳು ತಿಂಗಳೇ.

"ಅಣ್ಣ, ಸಿವಣ್ಣಂಗೆ ಚೀಟಿ ಬರ್ಕೊಡು," ಅಂದಳು ಚಾಪೆಯ ಮೇಲೆ ಕೂರುವುದಕ್ಕೆ ಮುಂಚೆಯೇ.

"ಆಗಲ್ಲ ಕಣಮ್ಮ. ಇನ್ನೂ ನಾಲ್ಕು ವರ್ಸ ಬೇಕು ಅವನಿಗೆ."

"ನಾಲ್ಕು ವರ್ಸ ಆಗೋವರ್ಗೂ ಅವ್ನು ಇಲ್ಲಿರ್ತನಾ? ಅವನ ಜೊತೆಯವ್ರೆಲ್ಲ ಮದ್ದೂರಿಗೆ ಓಗಿ ಎಸ್ರು ಕೊಟ್ಟು ಬಂದವ್ರೆ. ಇವನೂ ಗುರುವಾರ ಓಯ್ತೀನಿ ಅಂತವ್ನೆ. ಡ್ರೈವರ್ ಕೆಲ್ಸ ಸಿಕ್ರೆ ಮಾತ್ರ ನಿಂತ್ಕತನಂತೆ. ಬರ್ಮಾದಾಗೆ ಆ ಜಪಾನ್ನೋರ ಗುಂಡಿಗೆ ನನ್ನ ಮಗನ್ನ ಕೊಡ್ಲಾ? ನಿಂಗೆ ನಿನ್ನ ಕಾಯ್ದೆ ದೊಡ್ಡದೋ, ನಾನು ದೊಡ್ಡೋಳೋ ಏಳ್ಬುಡು. ನಾನು ಎದ್ದೋಯ್ತೀನಿ."

ಅಳಲಿಲ್ಲ ಅವಳು. ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. ಗಂಡ ಸತ್ತು ಹತ್ತು ವರ್ಷವಾದ ಹೆಂಗಸು, ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತ ಕೂತಳು. ಆ ಹೊತ್ತಿಗೆ ಕೆರೆಯ ಹೆಣಗಳೂ ನೆನಪಿಗೆ ಬಂದವು, ತಂಗಿಯ ಮುಖವೂ ಎದುರಿಗಿತ್ತು. ಗೆದ್ದದ್ದು ತಂಗಿ. ಪರೀಕ್ಷೆಯವರೆಗೆ ಅವನು ನನ್ನ ಕಣ್ಣೆದುರೇ ಓಡಿಸಲಿ, ನಾನೇ ತಿದ್ದುತ್ತೇನೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಚಿಕ್ಕಬೋರಯ್ಯನ ಕೈಲಿ ಬರೆಸಿ, ಕೆಳಗೆ ನನ್ನ ಹೆಸರು ಗೀಚಿದೆ. ಬರೆಯುವಾಗ ಚಿಕ್ಕಬೋರಯ್ಯ ಒಂದು ಸಲ ನನ್ನ ಮುಖ ನೋಡಿದ.

ಇದೇ ನಾನು ಮಾಡಿದ ಕೆಲಸ. ಇಬ್ಬರು ತಾಯಂದಿರಿಗೂ ಒಬ್ಬೊಬ್ಬ ಮಗ, ಇಬ್ಬರಿಗೂ ಗುರುವಾರದ ರೈಲು. ಆರು ವರ್ಷದವನಿಗೆ ಇಲ್ಲ ಅಂದೆ, ಏಳು ತಿಂಗಳಿನವನಿಗೆ ಹೂಂ ಅಂದೆ. ಥೂ! ಆದರೆ ಅವತ್ತು ನನಗೆ ಹಾಗೆ ಕಾಣಲೇ ಇಲ್ಲ.

ಸೋಮವಾರ ಮಹದೇವಯ್ಯ ಬರಲಿಲ್ಲ. ಇದ್ದಿಲು ಮಂಡಿಯಿಂದ ಒಬ್ಬ ಕೂಲಿಯವನನ್ನು ತಂದು ಏಣಿಯ ಮೇಲೆ ನಿಲ್ಲಿಸಿ ನಾನೇ ಬಸ್ಸು ಓಡಿಸಿದೆ. ಎರಡು ಕಡೆ ನಿಂತುಹೋಯಿತು. ಇದ್ದಿಲು ಹಸಿ ಇದೆ ಅಂತ ಮಂಡಿಯವನನ್ನು ಬಾಯಿಗೆ ಬಂದಂತೆ ಬೈದೆ. ಅವನು, "ನಿನ್ನೆ ಕೊಟ್ಟಿದ್ದ ಇದ್ದಿಲೇ ಕಣಯ್ಯ ಇದು!" ಅಂತ ಆಣೆ ಹಾಕಿದ. ನಾನು ನಂಬಲಿಲ್ಲ.

ಮಂಗಳವಾರ ಬೆಳಕವಾಡಿಯಿಂದ ವಾಪಸು ಬರುವಾಗ ಸ್ಟೇರಿಂಗನ್ನು ಶಿವಣ್ಣನ ಕೈಗೆ ಕೊಟ್ಟು ನಾನು ಮಗ್ಗುಲಲ್ಲಿ ಕೂತೆ. ಹದಿನೆಂಟು ಜನ, ಟಾಪಿನ ಮೇಲೆ ಭತ್ತದ ಮೂಟೆ. ಹುಡುಗ ಚೆನ್ನಾಗಿಯೇ ಓಡಿಸಿದ. ಎತ್ತಿನ ಗಾಡಿಗೆ ದಾರಿ ಬಿಟ್ಟ, ಹಳ್ಳ ತಪ್ಪಿಸಿದ. ಪರವಾಗಿಲ್ಲ ಅಂತ ನಾನು ಎಲೆಅಡಿಕೆ ಬಾಯಿಗೆ ಹಾಕಿಕೊಂಡೆ.

ಮುಂದೆ ಉದ್ದನೆಯ ಒಂದು ಏರು ಬರುತ್ತದೆ. ಗ್ಯಾಸ್ ಬಸ್ಸನ್ನು ಆ ಏರಿಗೆ ಹತ್ತಿಸುವಾಗ ಉಸಿರು ಕಟ್ಟುವುದಕ್ಕೆ ಮುಂಚೆಯೇ ಗೇರ್ ಇಳಿಸಬೇಕು. ಶಿವಣ್ಣ ಇಳಿಸಲಿಲ್ಲ. ಅರ್ಧ ಏರಿಗೆ ಬಂದೆವು, ಎಂಜಿನ್ ಕೆಮ್ಮಿತು, ಆಗಲೂ ಇಳಿಸಲಿಲ್ಲ. ಕತ್ತು ಓರೆ ಮಾಡಿಕೊಂಡು ಏನನ್ನೋ ಕೇಳಿಸಿಕೊಳ್ಳುತ್ತಿದ್ದ.

"ಇಳ್ಸ್ಲಾ! ಗೇರ್ ಇಳ್ಸ್ಲಾ!" ಅಂತ ಬಾಯಲ್ಲಿದ್ದ ಎಲೆಅಡಿಕೆಯ ಸಮೇತ ಕಿರುಚಿದೆ. ಅವನು ಗಾಬರಿಯಲ್ಲಿ ಗೇರ್ ತಪ್ಪಿಸಿದ. ಎಂಜಿನ್ ನಿಂತಿತು. ಬಸ್ಸು ಹಿಂದಕ್ಕೆ ಜಾರಲು ಶುರುವಾಯಿತು. ಕಾಲು ಬ್ರೇಕು ಆ ಭಾರವನ್ನು ಹಿಡಿಯಲಿಲ್ಲ. ನಾನು ಅವನ ತೊಡೆಯ ಮೇಲೆ ಬಿದ್ದು ಕೈ ಬ್ರೇಕನ್ನು ಎರಡು ಕೈಯಿಂದ ಎಳೆದೆ. ಒಳಗೆ ಹೆಂಗಸರು ಕೂಗಿಕೊಂಡರು. ಏಣಿಯ ಮೇಲಿದ್ದ ಕೂಲಿಯವನು ಪುಣ್ಯಕ್ಕೆ ಆಚೆಗೆ ನೆಗೆದಿದ್ದ. ಬಸ್ಸು ರಸ್ತೆ ಪಕ್ಕದ ಹೊಂಗೆ ಮರಕ್ಕೆ ಹಿಂಭಾಗ ಕೊಟ್ಟು ನಿಂತಿತು. ಆ ಮರ ಇಲ್ಲದಿದ್ದರೆ ಅದರ ಹಿಂದೆ ನಾಲೆ ಇತ್ತು.

ಪೀಪಾಯಿ ಒಳಕ್ಕೆ ನೆಗ್ಗಿ ಕೆಂಡವೆಲ್ಲ ರಸ್ತೆಗೆ ಸುರಿದಿತ್ತು. ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ. ಬೆಳಕವಾಡಿಯ ಪುಟ್ಟಮಾದಮ್ಮನ ಮೊಣಕೈ ತರಚಿತ್ತು, ಅವಳ ವೀಳ್ಯದೆಲೆಯ ಕುಕ್ಕೆ ಚೆಲ್ಲಿತ್ತು. ಅವಳು ಎಲೆ ಆರಿಸಿಕೊಳ್ಳುತ್ತಲೇ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಏನಯ್ಯ ಬೀರಯ್ಯ, ನೀನು ಓಡುಸ್ತೀಯ ಅಂತ ನಂಬಿ ಅತ್ತಿದ್ವಿ. ಮಗೀನ ಕೈಗೆ ಕೊಟ್ಬುಟ್ಟು ಎಲೆ ಆಕ್ಕೊಂಡು ಕುಂತಿದ್ದೀಯಲ್ಲ, ನಾಚ್ಕೆ ಆಗಕಿಲ್ವಾ?"

ಉತ್ತರ ಇಲ್ಲದಾಗ ನನಗೆ ಕೈ ಏಳುತ್ತದೆ. ಶಿವಣ್ಣನ ಎದೆಯ ಹತ್ತಿರ ಅಂಗಿ ಹಿಡಿದು ಕೈ ಎತ್ತಿದೆ.

"ಯಾಕ್ಲಾ ಗೇರ್ ಇಳಿಸ್ಲಿಲ್ಲ? ಆರು ತಿಂಗ್ಳು ಕಣ್ಣು ಬುಟ್ಕಂಡು ಏನು ನೋಡ್ತಿದ್ದೆ?"

"ಸದ್ದು ಬರ್ಲಿಲ್ಲ ಮಾವ," ಅಂದ.

"ಯಾವ ಸದ್ದು?"

"ಹಿಂದ್ಗಡೆ ಬಡಿಯೋ ಸದ್ದು. ಮಾದೇವಯ್ಯ ಸಲಾಕೇಲಿ ಒಂದೇಟು ಬಡುದ್ರೆ ನೀನು ಗೇರ್ ಇಳಿಸ್ತಿದ್ದೆ. ಎರಡೇಟು ಬಡುದ್ರೆ ಪೆಟ್ರೋಲ್ ಬಿರಡೆ ತಿರುಗಿಸ್ತಿದ್ದೆ. ದಿನಾ ಅಂಗೇ ಮಾಡ್ತಿದ್ದೆ. ನಾನು ಅದನ್ನೇ ಕಲ್ತಿದ್ದೆ. ಇವತ್ತು ಸದ್ದೇ ಬರ್ಲಿಲ್ಲ."

ನನ್ನ ಕೈ ಎತ್ತಿದಲ್ಲೇ ನಿಂತಿತು.

ಮಹದೇವಯ್ಯ ಪೀಪಾಯಿಗೆ ಬಡಿಯುತ್ತಿದ್ದದ್ದು ನನಗೆ ಗೊತ್ತಿತ್ತು. ಸಿಕ್ಕಿಕೊಂಡ ಇದ್ದಿಲು ಕೆಳಗಿಳಿಯಲಿ ಅಂತ ಬಡಿಯುತ್ತಾನೆ ಅಂದುಕೊಂಡಿದ್ದೆ. ಎಷ್ಟೋ ಸಲ, "ತಲೆ ತಿನ್ಬ್ಯಾಡ್ವೋ!" ಅಂತ ಬೈದೂ ಇದ್ದೆ. ಬೆಂಕಿ ಸೊರಗುತ್ತಿದೆ ಎಂಬುದು ಮುಂದೆ ಕೂತವನಿಗೆ ಎಂಜಿನ್ ಕೆಮ್ಮಿದಾಗ ಗೊತ್ತಾಗುತ್ತದೆ. ಪೀಪಾಯಿಯ ಪಕ್ಕ ನಿಂತವನಿಗೆ ಅದಕ್ಕೆ ಮುಂಚೆಯೇ ಗೊತ್ತಾಗುತ್ತದೆ. ಅವನು ಅದನ್ನು ನನಗೆ ಮೂರು ವರ್ಷ ದಿನವೂ ಹೇಳಿದ್ದ. ನನ್ನ ಕಾಲು ಕೇಳಿಸಿಕೊಂಡಿತ್ತು, ಕೈ ಕೇಳಿಸಿಕೊಂಡಿತ್ತು, ನಾನು ಮಾತ್ರ ಕೇಳಿಸಿಕೊಂಡಿರಲಿಲ್ಲ. ಗ್ಯಾಸ್ ಬಸ್ಸನ್ನು ದೊಡ್ಡಬೀರಯ್ಯನ ಹಾಗೆ ಏರು ಹತ್ತಿಸುವವನು ಈ ಸೀಮೆಯಲ್ಲೇ ಇಲ್ಲ ಅಂತ ಮದ್ದೂರಿನ ಹೋಟೆಲಿನಲ್ಲಿ ಜನ ಆಡಿಕೊಳ್ಳುತ್ತಿದ್ದರು. ನಾನೂ ಮೀಸೆ ತಿರುವಿಕೊಂಡು ಕೇಳುತ್ತಿದ್ದೆ.

ಚಿಕ್ಕಬೋರಯ್ಯನ ಕಡೆ ತಿರುಗಿದೆ. "ನಿಂಗೂ ಗೊತ್ತಿತ್ತೇನ್ಲಾ ಇದು?"

"ಗೊತ್ತಿಲ್ದೆ ಏನು? ಒಳಗೆ ಕುಂತ ಎಲ್ರಿಗೂ ಗೊತ್ತು," ಅಂದ ಅವನು. "ನಿಂಗೆ ಗೊತ್ತಿಲ್ಲ ಅನ್ನೋದು ನಂಗೆ ಗೊತ್ತಿರ್ಲಿಲ್ಲ."

ಶಿವಣ್ಣ ಜೇಬಿನಿಂದ ಚೀಟಿ ತೆಗೆದು ನನ್ನ ಕೈಗೆ ಕೊಟ್ಟ. "ಇದು ಬ್ಯಾಡ ಮಾವ. ನಂಗೆ ಬರಲ್ಲ. ನಾಲ್ಕೂವರೆ ವರ್ಸ ಆದ್ಮೇಲೇ ಕೊಡು. ನಾನು ಮದ್ದೂರಿಗೂ ಓಗಲ್ಲ." ಇಪ್ಪತ್ತು ವರ್ಷದ ಹುಡುಗ. ನನಗಿಂತ ನಿಯತ್ತು ಅವನಲ್ಲಿತ್ತು.

ಎರಡು ಜೋಡಿ ಎತ್ತು ಕಟ್ಟಿ ಬಸ್ಸನ್ನು ಮಳವಳ್ಳಿಗೆ ಎಳೆಸಿದೆವು. ಬುಧವಾರ ಬೆಳಿಗ್ಗೆ ನಾನು ಮಹದೇವಯ್ಯನ ಕೇರಿಗೆ ಹೋದೆ. ಇಪ್ಪತ್ತೆರಡು ವರ್ಷ ಆ ರಸ್ತೆಯಲ್ಲಿ ಬಸ್ಸು ಓಡಿಸಿದವನು ಆ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು. ಅವನ ತಾಯಿ ದೇವೀರಮ್ಮ ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದಳು. ಮೊರವನ್ನು ನಿಲ್ಲಿಸಲಿಲ್ಲ.

"ಮಗ ಎಲ್ಲವ್ವ?"

"ಮದ್ದೂರಿಗೆ ಓದ. ನಾಳೆ ರೈಲಂತೆ."

"ನಾನು ಅವನ ತಾವ ಮಾತಾಡ್ಬೇಕು."

"ಆಡುದ್ರಲ್ಲ ಭಾನುವಾರ." ಮೊರ ಒಂದು ಸಲ ಮೇಲೆದ್ದು ಇಳಿಯಿತು. "ನಿಮ್ಮ ತಂಗಿ ಮಗಂಗೆ ಆರು ತಿಂಗ್ಳು ಸಾಕಾಯ್ತಂತೆ. ನನ್ನ ಮಗಂಗೆ ಆರು ವರ್ಸ ಸಾಲ್ದೆ ಓಯ್ತು. ಇನ್ನೆಷ್ಟು ವರ್ಸ ಬೇಕು ಅಂತ ಏಳಿದ್ರೆ ಕಾಯ್ತಿದ್ದ. ನೇತಾಕ್ಕಂಡವ್ನೆ ಅಂದ್ರಂತೆ."

ಬಯ್ದಿದ್ದರೆ ವಾಪಸು ಬಯ್ಯಬಹುದಿತ್ತು. ಅವಳು ಕೇಳಿದ್ದು ಲೆಕ್ಕ. ಬೆನ್ನು ತಿರುಗಿಸಿ ಬಂದೆ. ದಾರಿಯಲ್ಲಿ ನನ್ನ ಮೇಲೆ ನನಗೇ ಎಂಥಾ ಸಿಟ್ಟು ಬಂತೆಂದರೆ, ಎದುರು ಸಿಕ್ಕ ಇಬ್ಬರು ನಮಸ್ಕಾರ ಹೇಳಿದರೂ ಮಾತಾಡಲಿಲ್ಲ.

ಐದು ವರ್ಷದ ಕಾಯಿದೆ ತಪ್ಪು ಅಂತ ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಹೊಂಗೆ ಮರ ಅದಕ್ಕೆ ಸಾಕ್ಷಿ. ಆದರೆ ಅದರಲ್ಲಿ ಮುಂದಿನ ಸೀಟು ಎಂಬ ಮಾತನ್ನು ಸೇರಿಸಿದವನು ನಾನು. ಮುಂದಿನ ಸೀಟಿನಲ್ಲಿ ಯಾರು ಕೂರಬೇಕು, ಯಾರು ಕೂರಬಾರದು ಅಂತ ನೋಡಿಕೊಂಡವನೂ ನಾನೇ. ಕೂರಲು ಬಿಡದೆ, ಕೂತಿಲ್ಲವಲ್ಲ ಅಂತ ಕೇಳಿದೆನಲ್ಲ, ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಚಿಕ್ಕಬೋರಯ್ಯನ ಕೈಲಿ ಹೊಸ ಚೀಟಿ ಬರೆಸಿದೆ. ಗುರುವಾರ ಮೊದಲ ಬಸ್ಸಿಗೆ ಮದ್ದೂರಿಗೆ ಹೋದೆ. ರೈಲ್ವೆ ಸ್ಟೇಷನ್ನಿನ ಪಕ್ಕದ ಛತ್ರದ ಮುಂದೆ ಐವತ್ತು ಅರವತ್ತು ಹುಡುಗರು ಗಂಟು ಇಟ್ಟುಕೊಂಡು ಕೂತಿದ್ದರು. ಒಬ್ಬ ಹವಾಲ್ದಾರ ಮೇಜಿನ ಮೇಲೆ ಕಾಗದ ಹರಡಿ ಒಬ್ಬೊಬ್ಬರನ್ನೇ ಕೂಗಿ ರುಜು ಹಾಕಿಸಿಕೊಳ್ಳುತ್ತಿದ್ದ. ಮಹದೇವಯ್ಯನ ಸರದಿ ಇನ್ನೂ ಬಂದಿರಲಿಲ್ಲ. ನನ್ನನ್ನು ನೋಡಿ ಎದ್ದು ನಿಂತ, ಆದರೆ ಮೊದಲಿನಂತೆ ದೂರ ಸರಿಯಲಿಲ್ಲ.

"ಏನು ಬಂದ್ರಿ ಬೀರಯ್ನೋರೆ?" ಅಂದ. ಆರು ವರ್ಷ ಬುದ್ಧಿ ಅನ್ನುತ್ತಿದ್ದವನು. ನನಗೆ ಚುರುಕ್ ಅಂದಿತು, ಹಾಗೆಯೇ ಸರಿ ಅಂತಲೂ ಅನ್ನಿಸಿತು.

ಚೀಟಿ ಕೊಟ್ಟೆ. ಅವನು ನಿಧಾನವಾಗಿ ಓದಿದ. 'ಮಹದೇವಯ್ಯ ಎಂಬವನು ಆರು ವರ್ಷ ನಮ್ಮ ಬಸ್ಸಿನಲ್ಲಿ ಕೆಲಸ ಮಾಡಿದ್ದಾನೆ. ಅದರಲ್ಲಿ ಮೂರು ವರ್ಷ ನಾನು ಓಡಿಸಿದ ಬಸ್ಸನ್ನು ಅವನೂ ಓಡಿಸಿದ್ದಾನೆ.' ಆ ಕಡೆಯ ಸಾಲು ಬರೆಯುವ ಮುಂಚೆ ಚಿಕ್ಕಬೋರಯ್ಯ, ಚೀಟಿಯಲ್ಲಿ ಹಾಗೆ ಬರೆಯಬಹುದಾ ಅಂತ ಎರಡು ಸಲ ಕೇಳಿದ್ದ.

"ಗೊತ್ತಾಯ್ತಾ?" ಅಂದ ಮಹದೇವಯ್ಯ.

"ಮಂಗಳವಾರ ಗೊತ್ತಾಯ್ತು. ಮರಕ್ಕೆ ಗುದ್ದುದ್ಮೇಲೆ." ಅವನ ಮುಖ ನೋಡಿಯೇ ಹೇಳಿದೆ. "ತಪ್ಪು ಮಾಡ್ದೆ ಕಣಪ್ಪ. ಎಲ್ರ ಮುಂದೆ ಅಂಗೆ ಅಂದಿದ್ದು ತಪ್ಪು. ಅನ್ನದೆ ಆರು ವರ್ಸ ಅಂಗೇ ಇಟ್ಟಿದ್ದು ಅದಕ್ಕಿಂತ ತಪ್ಪು. ಬಾ, ಓಗನ."

ಅವನು ಚೀಟಿಯನ್ನು ಮಡಿಸಿದ. ಜೇಬಿಗೆ ಹಾಕಿಕೊಳ್ಳಲಿಲ್ಲ. "ನಾನು ಮುಂದೆ ಕುಂತ್ರೆ ಹಿಂದ್ಗಡೆ ಏಣಿ ಮೇಲೆ ಯಾರು?"

"ಯಾರಾರೂ ಸಿಗ್ತರೆ."

"ಸಿಗ್ತರೆ. ನಮ್ಮ ಕೇರಿಯವ್ರೇ ಸಿಗ್ತರೆ. ಇನ್ಯಾರೂ ಆ ಮಸೀಲಿ ನಿಂತ್ಕಳಲ್ಲ. ಅವನೂ ಆರು ವರ್ಸ ನಿಂತು, ಆಮೇಲೆ ನೀವಿರ್ತೀರೋ ಇನ್ಯಾರಿರ್ತರೋ, ನೀನು ಯಾವತ್ಲಾ ಮುಂದೆ ಕುಂತಿದ್ದೆ ಅಂತ ಕೇಳ್ತರೆ. ನಾನೊಬ್ಬ ಮುಂದಕ್ಕೆ ಬಂದು ಇನ್ನೊಬ್ಬನ್ನ ಅಲ್ಲಿಗೆ ನೇತಾಕ್ಲಾ?" ಅವನ ದನಿ ಏರಲಿಲ್ಲ. "ಮಿಲ್ಟ್ರೀಲಿ ಇದೆಲ್ಲ ಕೇಳಲ್ವಂತೆ. ನಾನು ಓಯ್ತೀನಿ ಬುಡಿ."

ಹವಾಲ್ದಾರ ಅವನ ಹೆಸರು ಕೂಗಿದ. ಸ್ಟೇಷನ್ನಿನ ಕಡೆ ಗಂಟೆ ಹೊಡೆಯಿತು. ನನ್ನ ಕಣ್ಣ ಮುಂದೆ ಮೊರ ಹಿಡಿದ ಆ ಮುದುಕಿ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು.

"ನಾನು ನಿಂತ್ಕತೀನಿ."

"ಎಲ್ಲಿ?"

"ಏಣಿ ಮೇಲೆ. ನಾನೇ ನಿಂತ್ಕತೀನಿ ಕಣಯ್ಯ. ಹೊಸ ಆಳು ಬರೋವರ್ಗೂ ನಿಂತ್ಕತೀನಿ. ಆಮೇಲೆ ವಾರದಲ್ಲಿ ಒಂದಿನ ನಾನೂ ನಿಂತ್ಕತೀನಿ, ಸಿವಣ್ಣನೂ ನಿಂತ್ಕತನೆ. ಯಾವ ಜಾತಿಯವ್ನೇ ಬರ್ಲಿ, ಹೊಸ ಕ್ಲೀನರು ಮೊದ್ಲು ಏಣಿ, ಆಮೇಲೆ ಸೀಟು. ಎರಡರ ಲೆಕ್ಕವೂ ಒಂದೇ. ಐದು ವರ್ಸ ಅಂದ್ರೆ ಅದು. ಸಾವ್ಕಾರ್ರು ಒಪ್ದೆ ಓದ್ರೆ ನಾನೂ ನಿನ್ ಜೊತೆ ಇದೇ ರೈಲು ಅತ್ತುತೀನಿ."

ನಲವತ್ತೆಂಟು ವರ್ಷದವನು ರೈಲು ಹತ್ತಿ ಬರ್ಮಾಕ್ಕೆ ಹೋಗುವ ಮಾತು ಕೇಳಿಯೋ ಏನೋ, ಮಹದೇವಯ್ಯನ ತುಟಿಯ ಕೊನೆ ಸ್ವಲ್ಪ ಅಲುಗಿತು. ಹವಾಲ್ದಾರ ಇನ್ನೊಂದು ಸಲ ಕೂಗಿದ. ಮಹದೇವಯ್ಯ ಹೋಗಿ ಅವನಿಗೆ ಏನೋ ಹೇಳಿ, ತನ್ನ ಗಂಟು ಎತ್ತಿಕೊಂಡು ಬಂದ.

ಸೋಮವಾರ ಮಂಡ್ಯದಲ್ಲಿ ಪರೀಕ್ಷೆ. ಇನ್ಸ್‌ಪೆಕ್ಟರು ಅವನ ಕೈಲಿ ಬಸ್ಸನ್ನು ಸಂತೆಯ ಬೀದಿಯೊಳಕ್ಕೆ ಒಯ್ಯಿಸಿ, ಹಿಮ್ಮುಖವಾಗಿ ಹೊರಗೆ ತರಿಸಿದರು. ಒಂದು ಬುಟ್ಟಿಗಾದರೂ ತಾಗಿತೇ? ಊಹೂಂ. ಆರು ವರ್ಷ ಶೆಡ್ಡಿನಲ್ಲಿ ಹಿಂದೆಮುಂದೆ ಮಾಡಿದವನು, ತಾಗಿಸುತ್ತಾನೆಯೇ?

ಸಾವುಕಾರ್ರು ಗೊಣಗಿದರು, ಆದರೆ ಏಳು ಬಸ್ಸು, ಮೂರು ಡ್ರೈವರು, ಒಪ್ಪದೆ ಎಲ್ಲಿಗೆ ಹೋಗುತ್ತಾರೆ? ಬೆಟ್ಟಮ್ಮ ಮಾತ್ರ ಒಪ್ಪಲಿಲ್ಲ. ಅವಳ ಮಗ ಮಹದೇವಯ್ಯನ ಮಗ್ಗುಲಲ್ಲಿ ಕ್ಲೀನರಾಗಿ ಕೂತು ಕಲಿಯುತ್ತಾನೆ ಅಂತ ಕೇಳಿದ ದಿನ ನನ್ನ ಮನೆಯ ಅಂಗಳದಲ್ಲಿ ನಿಂತು, "ನಂಗೆ ಅಣ್ಣ ಇಲ್ಲ," ಅಂತ ಹೇಳಿ ಹೋದಳು. ಮೂರು ವರ್ಷವಾಗುತ್ತ ಬಂತು, ಮೊನ್ನೆ ಆಗಸ್ಟಿನಲ್ಲಿ ಸ್ವಾತಂತ್ರ್ಯ ಬಂತು ಅಂತ ಊರೆಲ್ಲ ಸಕ್ಕರೆ ಹಂಚಿತು, ಅವಳು ನನ್ನ ಹೊಸ್ತಿಲು ತುಳಿದಿಲ್ಲ. ಅದು ನೋಯುತ್ತದೆ. ಸುಳ್ಳು ಹೇಳುವುದೇಕೆ?

ಮಹದೇವಯ್ಯ ಮೊದಲ ಸಲ ಬೆಳಕವಾಡಿ ಬಸ್ಸು ಓಡಿಸಿದ ದಿನ ಮುಂದಿನ ಸಾಲಿನಲ್ಲಿದ್ದ ಇಬ್ಬರು ಪಟೇಲರ ಮನೆಯವರು ಅವನ ಮುಖ ನೋಡಿ ಇಳಿದುಹೋದರು. ಉಳಿದವರು ಇಳಿಯಲಿಲ್ಲ, ಅವರಿಗೆ ಸಂತೆಗೆ ಹೊತ್ತಾಗಿತ್ತು. ನಾನು ಪಂಚೆ ಎತ್ತಿ ಕಟ್ಟಿ ಹಿಂದಿನ ಏಣಿ ಹತ್ತಿದೆ.

ಅಯ್ಯಯ್ಯಪ್ಪ, ಅದೇನು ಧಗೆ! ಧೂಳೆಲ್ಲ ಮುಖಕ್ಕೆ, ಹೊಗೆಯೆಲ್ಲ ಮೂಗಿಗೆ, ಒಂದು ಕೈ ಕಂಬಿಗೆ, ಇನ್ನೊಂದು ಕೈಲಿ ಸಲಾಕೆ. ಹಳ್ಳ ಬಂದರೆ ಮುಂದೆ ಕೂತವನಿಗೆ ಒಂದು ಕುಲುಕು, ಹಿಂದೆ ನಿಂತವನಿಗೆ ಮೂರು. ಎರಡು ಮೈಲಿಗೇ ನನ್ನ ಅಂಗೈ ಸುಟ್ಟು ಬೊಬ್ಬೆ ಎದ್ದಿತು. ಮೂರು ವರ್ಷ ಈ ಮನುಷ್ಯ ಇಲ್ಲಿ ನಿಂತಿದ್ದ, ನಾನು ಮುಂದೆ ಕೂತು ಬೈಯುತ್ತಿದ್ದೆ.

ಏರು ಬಂತು. ಬೆಂಕಿ ಹೇಗಿದೆ ಅಂತ ನನಗೆ ತಿಳಿಯಲಿಲ್ಲ. ಕೆಂಪಗೆ ಇದೆ, ಅಷ್ಟೇ. ಕೆದಕಲೋ ಬೇಡವೋ ಅಂತ ನೋಡುತ್ತ ನಿಂತೆ. ಆಮೇಲೆ ಇದ್ದಕ್ಕಿದ್ದಂತೆ ಒಂದು ಬುಟ್ಟಿ ಇದ್ದಿಲು ಸುರಿದುಬಿಟ್ಟೆ. ಸುರಿಯಬಾರದಿತ್ತಂತೆ. ಬೆಂಕಿ ಉಸಿರುಕಟ್ಟಿ ಕಪ್ಪಗಾಯಿತು. ಮಹದೇವಯ್ಯ ಕೂಡಲೇ ಗೇರ್ ಇಳಿಸಿ, ಕೈ ಬ್ರೇಕ್ ಎಳೆದು, ಬಸ್ಸನ್ನು ರಸ್ತೆಯ ಪಕ್ಕಕ್ಕೆ ಹೂವಿನ ಹಾಗೆ ನಿಲ್ಲಿಸಿದ. ಶಿವಣ್ಣ ನೆಗೆದು ಚಕ್ರಕ್ಕೆ ಕಲ್ಲು ಕೊಟ್ಟ. ಬಸ್ಸು ಒಂದು ಅಂಗುಲ ಹಿಂದಕ್ಕೆ ಸರಿಯಲಿಲ್ಲ.

ಮಹದೇವಯ್ಯ ಇಳಿದು ಹಿಂದಕ್ಕೆ ಬಂದ. ಬೈಯುತ್ತಾನೆ ಅಂದುಕೊಂಡೆ. ನಾನಾಗಿದ್ದರೆ ಬೈಯುತ್ತಿದ್ದೆ. ಅವನು ಸಲಾಕೆ ಇಸಿದುಕೊಂಡು, "ಏರಿಗೆ ಮುಂಚೆ ಸುರೀಬೇಕು ಬೀರಯ್ನೋರೆ, ಏರಲ್ಲಿ ಸುರೀಬಾರ್ದು. ಇಲ್ಲಿ ಕಿವಿ ಇಡಿ. ಚಟಚಟ ಅನ್ನೋದು ನಿಂತು ಬುಸ್ ಅಂದ್ರೆ ಸೊರಗ್ತಾ ಅದೆ ಅಂತ," ಅಂದ. ಕಿವಿ ಇಟ್ಟೆ. ನನಗೆ ಎರಡೂ ಒಂದೇ ಥರ ಕೇಳಿಸಿತು.

ಪ್ರಯಾಣಿಕರು ಕೆಳಗಿಳಿದು ಬೀಡಿ ಹಚ್ಚಿದರು. ಕಿರುಗಾವಲಿನ ಕಡೆಯ ಒಬ್ಬ ಮುದುಕ, ನಮ್ಮ ಬಸ್ಸಿಗೆ ಹೊಸಬ, ಕೋಲೂರಿಕೊಂಡು ಹಿಂಭಾಗಕ್ಕೆ ಬಂದ. ಮಸಿ ಮೆತ್ತಿದ ನನ್ನ ಮುಖವನ್ನು ದಿಟ್ಟಿಸಿದ.

"ಇದ್ದಿಲು ಆಕಕ್ಕೂ ಒಂದು ಅನುಬವ ಬೇಕು ಕಣಯ್ಯ," ಅಂದ. "ಎಷ್ಟು ದಿನ ಆಯ್ತು ಸೇರಿ?"

ಮಹದೇವಯ್ಯ ಮುಖವನ್ನು ಆಚೆ ತಿರುಗಿಸಿಕೊಂಡ. ಇಪ್ಪತ್ತೆರಡು ವರ್ಷ ಅಂತ ಬಾಯಿಗೆ ಬಂತು. ನುಂಗಿಕೊಂಡೆ.

"ಇವತ್ತೇ ಸೇರಿದ್ದು ಕಣ್ ಸ್ವಾಮಿ," ಅಂದೆ.

"ಅದೇ ನೋಡ್ದೆ," ಅಂದ ಮುದುಕ. "ಅಂಗಾರೆ ಆ ಡ್ರೈವರಯ್ಯ ಏಳ್ಕೊಟ್ಟಿದ್ದು ಸರಿಯಾಗಿ ಕಲ್ತ್ಕೊ."

"ಆಗ್ಲಿ," ಅಂದು ಮತ್ತೆ ಪೀಪಾಯಿಗೆ ಕಿವಿ ಇಟ್ಟೆ.